ವಿದ್ಯುನ್ಮಂಡಲದ ಪರಿಭಾಷೆಯೂ ಕಕ್ಕೇರಾ ಸೀಮೆಯೂ

1827ರಲ್ಲಿ ಓಮನು ಪ್ರವಾಹ, ವಿಭವಾಂತರ, ರೋಧಗಳ ಸಂಬಂಧವನ್ನು ಪ್ರಕಟಿಸಿದನು. 1845ರಲ್ಲಿ ಕಿರ್ಖಾಫನು ವಿದ್ಯುನ್ಮಂಡಲದ ಎರಡು ನಿಯಮಗಳನ್ನು ನಿರೂಪಿಸಿದನು. 6 ವೋಲ್ಟಿನ ಕೋಶಕ್ಕೆ 2 ಮತ್ತು 4 ಓಮಿನ ರೋಧಗಳನ್ನು ಸರಣಿಯಾಗಿ ಜೋಡಿಸಿದರೆ ಪ್ರವಾಹವು 1 ಆಂಪಿಯರ್ ಆಗುವುದು. ಅವುಗಳಲ್ಲಿ ಇಳಿಯುವ 2 ಮತ್ತು 4 ವೋಲ್ಟುಗಳು ಕೂಡಿ 6 ಆಗುವುವು. ಹೊರಟಲ್ಲಿಗೇ ಮರಳಿ ಲೆಕ್ಕ ಸರಿಹೋಗುವ ಈ ತತ್ತ್ವವನ್ನು ‘ಮಂಡಲ’ವೆಂಬ ಶಬ್ದವೇ ಸೂಚಿಸುತ್ತದೆ.

ಇಂತಹ ಶಬ್ದಗಳಿಂದ ಭೌತಶಾಸ್ತ್ರವನ್ನು ಕನ್ನಡಿಗರಿಗೆ ತಿಳಿಸಲು 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದು ಮಾಧ್ಯಮದಲ್ಲಿ ತಲೆಯೆತ್ತಿತು. ದೇಶಭಾಷೆಯಲ್ಲಿ ಶಾಸ್ತ್ರಬೋಧನೆ ಸಾಧ್ಯವೆಂಬುದೇ ಎರಡರ ನಂಬುಗೆ.

ಸುರಪುರ ಸೀಮೆಯ ಕಕ್ಕೇರಾ ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ಮನೆಮಾತು ಕನ್ನಡ, ಉನ್ನತ ವಿದ್ಯೆಯ ಮಾತು ಉರ್ದು. ಆ ಭಾಷೆಯ ‘ರೌ’, ‘ಮುಜಾಹಮತ್’ ಎಂಬ ಶಬ್ದಗಳೂ ‘ಪ್ರವಾಹ’, ‘ರೋಧ’ಗಳಷ್ಟೇ ಅರ್ಥಪುಷ್ಟವಾದುವು. ದೋಷವು ಉರ್ದುವಿನದಲ್ಲ, ಮನೆಗೂ ಪಾಠಶಾಲೆಗೂ ನಡುವೆ ಬಿದ್ದ ಅಂತರದ್ದು.

1948ರಲ್ಲಿ ನಿಜಾಮರ ಆಳಿಕೆ ಮುಗಿದು, 1956ರಲ್ಲಿ ಈ ಸೀಮೆಯು ಮೈಸೂರಿನೊಡನೆ ಒಂದಾಯಿತು. ಆದರೂ ‘ವಿಭವಾಂತರ’ವು ಹಳ್ಳಿಯ ಬಾಲಕನಿಗೆ ‘ಮುಜಾಹಮತ್ತಿ’ನಷ್ಟೇ ಹೊಸದು. ಕಾಲುವೆಯ ನೀರು ಮೇಲಿನಿಂದ ತಗ್ಗಿಗೆ ಹರಿಯುವುದನ್ನು ಮೊದಲು ಅವನ ಮಾತಿನಲ್ಲಿಯೇ ತೋರಿಸಿ, ಆಮೇಲೆ ಆ ಶಬ್ದವನ್ನು ಕೊಡುವ ಉಪಾಧ್ಯಾಯನಿಂದಲ್ಲದೆ ಪರಿಭಾಷೆಯು ನಾಡಿನ ಸ್ವತ್ತಾಗದು. ಗಡಿಗಳು ಕೂಡಿದ ಮಾತ್ರಕ್ಕೆ ಆ ಮಂಡಲವು ಪೂರ್ಣವಾಗಲಿಲ್ಲ.