ಜೋಸೆಫ್ ಹೌ: ಪತ್ರಿಕಾವೃತ್ತಿಯಿಂದ ಅಮಾತ್ಯಪದವಿಗೆ

ರಾಜ್ಯತಂತ್ರದಲ್ಲಿ ಹೆಸರಾದವರ ಚರಿತ್ರೆಗಳಲ್ಲಿ ಅಭಿಮಾನಿಗಳ ಸ್ತುತಿಯೂ ಪ್ರತಿಪಕ್ಷದವರ ನಿಂದೆಯೂ ಬೆರೆತುಕೊಂಡಿರುವುದು ಸಹಜ. ಇವೆರಡನ್ನೂ ಬದಿಗಿಟ್ಟು, ನಮ್ಮ ಶಾಸ್ತ್ರಕಾರರು ಅಧಿಕರಣವನ್ನು ರಚಿಸುವ ಕ್ರಮದಂತೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳನ್ನು ಬೇರೆಬೇರೆಯಾಗಿ ನಿಲ್ಲಿಸಿ ನೋಡಿದರೆ ಯಥಾರ್ಥವು ಹೊರಬೀಳುವುದು. ಉತ್ತರ ಅಮೆರಿಕದ ಪೂರ್ವತೀರದ ನೋವಾ ಸ್ಕೋಷಿಯ ಪ್ರಾಂತದಲ್ಲಿ ಪತ್ರಿಕಾಕರ್ತನಾಗಿದ್ದು ಅನಂತರ ಪ್ರಧಾನಾಮಾತ್ಯನಾದ ಜೋಸೆಫ್ ಹೌ ಮಹಾಶಯನ ಚರಿತ್ರೆಯನ್ನು ಈ ಕ್ರಮದಲ್ಲಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯ. ಹೌ ಮಹಾಶಯನು 1804ನೆಯ ಇಸವಿ ಡಿಸೆಂಬರ್ 13ರಂದು ಹ್ಯಾಲಿಫ್ಯಾಕ್ಸ್ ನಗರದಲ್ಲಿ ಜನಿಸಿದನು. ಈತನ ತಂದೆ ಸರ್ಕಾರದ ಮುದ್ರಕ. ಶಾಲೆಯ ವಿದ್ಯೆ ಸ್ವಲ್ಪವೇ ಆಗಿದ್ದು, ಹದಿಮೂರನೆಯ ವಯಸ್ಸಿನಿಂದ ತಂದೆಯ ಮುದ್ರಣಾಲಯವೇ ಈತನಿಗೆ ಗುರುಕುಲವಾಯಿತು. 1828ರ ಪ್ರಾರಂಭದಿಂದ ‘ನೋವಾಸ್ಕೋಷಿಯನ್’ ಪತ್ರಿಕೆಯನ್ನು ತಾನೇ ನಡೆಸಿದನು. ಪ್ರತಿನಿಧಿಸಭೆಯ ಚರ್ಚೆಗಳನ್ನು ಸ್ವತಃ ಕುಳಿತು ಬರೆದುಕೊಂಡು ಪ್ರಕಟಿಸುತ್ತಿದ್ದುದರಿಂದ, ಸಭೆಯ ಸದಸ್ಯನಾಗುವುದಕ್ಕೆ ಮುಂಚೆಯೇ ರಾಜ್ಯಕಾರ್ಯದ ಮರ್ಮಗಳೆಲ್ಲವೂ ಈತನಿಗೆ ಗೋಚರವಾಗಿದ್ದುವು. ಸಾಹಿತ್ಯಪ್ರಿಯರು ಸ್ಮರಿಸತಕ್ಕ ಇನ್ನೊಂದು ಸಂಗತಿಯುಂಟು: ಥಾಮಸ್ ಚಾಂಡ್ಲರ್ ಹ್ಯಾಲಿಬರ್ಟನ್ನನ ‘ಕ್ಲಾಕ್‌ಮೇಕರ್’ ಎಂಬ ಪ್ರಸಿದ್ಧ ಹಾಸ್ಯಗ್ರಂಥವು 1835ರಲ್ಲಿ ಮೊದಲು ಬೆಳಕು ಕಂಡುದು ಈ ಪತ್ರಿಕೆಯಲ್ಲಿಯೇ.

ಅದೇ 1835ರ ಜನವರಿ 1ರಂದು ‘ಪ್ರಜೆಗಳು’ ಎಂಬ ಅಂಕಿತದ ಪತ್ರವೊಂದು ಪ್ರಕಟವಾಯಿತು. ನಗರದ ಆಡಳಿತ ನಡೆಸುತ್ತಿದ್ದ ಮ್ಯಾಜಿಸ್ಟ್ರೇಟರೂ ಪೋಲೀಸರೂ ಮೂವತ್ತು ವರ್ಷಗಳಲ್ಲಿ ಜನರಿಂದ ಅನ್ಯಾಯವಾಗಿ ಕಸಿದುಕೊಂಡ ಹಣವು 30,000 ಪೌಂಡುಗಳಿಗೆ ಮೀರಿತೆಂಬುದು ಅದರ ಆಪಾದನೆ. ಪತ್ರವನ್ನು ಬರೆದವನು ಅನ್ಯನಾದರೂ ಅಪರಾಧವು ಪ್ರಕಾಶಕನಾದ ಹೌ ಮಹಾಶಯನ ಮೇಲೆ ಬಂದಿತು. ಅಂದಿನ ಮಾನಹಾನಿ ಶಾಸನದಲ್ಲಿ ‘ಬರೆದುದು ಸತ್ಯ’ ಎಂಬ ಸಮಾಧಾನಕ್ಕೆ ಅವಕಾಶವೇ ಇರಲಿಲ್ಲ. ಗೆಲ್ಲುವ ದಾರಿಯಿಲ್ಲವೆಂದು ವಕೀಲರು ಹೇಳಿಬಿಡಲು, ಈತನು ನ್ಯಾಯಶಾಸ್ತ್ರದ ಗ್ರಂಥಗಳನ್ನು ಎರವು ತಂದು ಓದಿ, ತನ್ನ ಪಕ್ಷವನ್ನು ತಾನೇ ವಾದಿಸಲು ನಿಂತನು. ಆ ಮಾರ್ಚಿ ತಿಂಗಳಿನಲ್ಲಿ ಆರು ಗಂಟೆಗಳಿಗೂ ಮಿಕ್ಕು ನಡೆದ ಆತನ ವಾದವು ನ್ಯಾಯಾಧಿಪತಿಯನ್ನು ಕುರಿತದ್ದಲ್ಲ, ಪೌರರಾದ ಜೂರಿಗಳನ್ನು ಕುರಿತದ್ದು. ಇದು ಮಾನಹಾನಿಯೇ ಸರಿಯೆಂದು ಮುಖ್ಯ ನ್ಯಾಯಾಧೀಶನು ವಿಧಿಸಿ ಹೇಳಿದ್ದರೂ, ಜೂರಿಗಳು ಹತ್ತೇ ನಿಮಿಷಗಳಲ್ಲಿ ನಿರ್ದೋಷಿಯೆಂದು ತೀರ್ಪಿತ್ತರು. ಶಾಸನದ ಅಕ್ಷರವು ಬದಲಾಗಲಿಲ್ಲ. ಆದರೆ ಅಧಿಕಾರದಲ್ಲಿರುವವನು ಜನರಿಗೆ ಉತ್ತರ ಹೇಳತಕ್ಕವನೆಂಬ ತತ್ತ್ವವು ಅಂದು ಸ್ಥಾಪಿತವಾಯಿತು. ಈತನ ಮುಂದಿನ ಚರಿತ್ರೆಯೆಲ್ಲವೂ ಈ ಒಂದು ಸೂತ್ರದ ಭಾಷ್ಯವೆಂದರೂ ಸಲ್ಲುವುದು.

1836ರಲ್ಲಿ ಹೌ ಮಹಾಶಯನು ಪ್ರತಿನಿಧಿಸಭೆಗೆ ಚುನಾಯಿತನಾದನು. ಆಗ ಪ್ರಾಂತವನ್ನು ಆಳುತ್ತಿದ್ದುದು ಹನ್ನೆರಡು ಮಂದಿಯ ಒಂದು ಕೌನ್ಸಿಲು. ಶಾಸನಕಾರ್ಯಕ್ಕೂ ಆಡಳಿತಕ್ಕೂ ಅದೊಂದೇ. ಮುಖ್ಯ ನ್ಯಾಯಾಧೀಶನೂ ಬಿಷಪ್ಪನೂ ಅದರಲ್ಲಿದ್ದರು. ಬಾಗಿಲು ಮುಚ್ಚಿಕೊಂಡು ಸಭೆ ನಡೆಯುತ್ತಿದ್ದಿತು. 1837ರಲ್ಲಿ ಹನ್ನೆರಡು ನಿರ್ಣಯಗಳನ್ನು ಮಂಡಿಸಿ ಈತನು ಆ ವ್ಯವಸ್ಥೆಯನ್ನು ಖಂಡಿಸಿದನು. ನೆರೆಯ ಕೆನಡಾ ಪ್ರಾಂತಗಳಲ್ಲಿ ಅದೇ ವರ್ಷ ದಂಗೆಗಳೆದ್ದಾಗ ಈತನು ಶಸ್ತ್ರವನ್ನೊಪ್ಪದೆ, 1839ರಲ್ಲಿ ಬ್ರಿಟಿಷ್ ಮಂತ್ರಿ ಲಾರ್ಡ್ ಜಾನ್ ರಸೆಲ್ಲನಿಗೆ ನಾಲ್ಕು ಬಹಿರಂಗ ಪತ್ರಗಳನ್ನು ಬರೆದನು. 1841ರಲ್ಲಿ ಪತ್ರಿಕೆಯನ್ನು ಮಾರಿದನು. 1848ರ ಫೆಬ್ರವರಿಯಲ್ಲಿ ಯೂನಿಯಾಕ್ ಎಂಬುವನ ನಾಯಕತ್ವದಲ್ಲಿ ಸಭೆಗೆ ಬದ್ಧವಾದ ಅಮಾತ್ಯಮಂಡಲವು ಏರ್ಪಟ್ಟಿತು. ಹೌ ಮಹಾಶಯನು ಅದರ ಕಾರ್ಯದರ್ಶಿ. ಬ್ರಿಟಿಷ್ ವಸಾಹತುಗಳಲ್ಲಿ ಇಂಥದು ಇದೇ ಮೊದಲು. ಮೈಸೂರಿನ ಪ್ರಜೆಗಳು 1947ರಲ್ಲಿ ಬೇಡಿದ ‘ಜವಾಬ್ದಾರಿ ಸರ್ಕಾರ’ವೆಂಬ ಮಾತಿನ ವಂಶವೃಕ್ಷದಲ್ಲಿ ಈ ಘಟನೆಗೆ ಸ್ಥಾನವುಂಟು. 1860ರಿಂದ 1863ರವರೆಗೆ ಈತನೇ ಪ್ರಧಾನಾಮಾತ್ಯನಾಗಿದ್ದನು.

ಇನ್ನು ಸಂಶಯ. 1866ರಲ್ಲಿ ಟಪ್ಪರನ ಅಮಾತ್ಯಮಂಡಲವು ಜನರ ಮತವನ್ನು ಕೇಳದೆ ಪ್ರಾಂತವನ್ನು ಕೆನಡಾ ಒಕ್ಕೂಟಕ್ಕೆ ಸೇರಿಸಲೊಪ್ಪಿತು. ಹೌ ಮಹಾಶಯನು ಇದನ್ನು ಘೋರವಾಗಿ ಪ್ರತಿಭಟಿಸಿದನು. 1867ರ ಚುನಾವಣೆಗಳಲ್ಲಿ ಈತನ ಪಕ್ಷವು ಒಕ್ಕೂಟದ ಸಭೆಯ 19 ಸ್ಥಾನಗಳಲ್ಲಿ 18ನ್ನೂ, ಪ್ರಾಂತಸಭೆಯ 38ರಲ್ಲಿ 36ನ್ನೂ ಗೆದ್ದಿತು. ಇಷ್ಟಾದರೂ 1869ರಲ್ಲಿ, ಪ್ರಾಂತಕ್ಕೆ ಹೆಚ್ಚು ದ್ರವ್ಯಸಹಾಯವೆಂಬ ಒಪ್ಪಂದದ ಮೇಲೆ, ಈತನು ಅದೇ ಒಕ್ಕೂಟದ ಮಂತ್ರಿಯಾದನು. ಇದು ವಚನಭಂಗವಲ್ಲವೆ? ಹೌದೆಂಬುದೇ ಪೂರ್ವಪಕ್ಷ. ಆತನ ಹಳೆಯ ಮಿತ್ರನೂ ಅಂದಿನ ಪ್ರಧಾನಾಮಾತ್ಯನೂ ಆದ ಆನಂಡ್ ಎಂಬುವನೇ ಈ ಪಕ್ಷವನ್ನು ಹಿಡಿದು ಬೇರೆಯಾದನು.

ಇದಕ್ಕೆ ಸಮಾಧಾನವೇನೆಂದರೆ: ಒಕ್ಕೂಟದಿಂದ ಬಿಡುಗಡೆಯನ್ನು ಕೋರಿ 1868ರಲ್ಲಿ ಈತನೇ ಲಂಡನ್ನಿಗೆ ಹೋಗಿದ್ದನು, ಅಲ್ಲಿಯ ಸರ್ಕಾರವು ನಿರಾಕರಿಸಿತು. ಆಮೇಲೆ ಉಳಿದುದು ದಂಗೆ, ಅಮೆರಿಕ ಸಂಯುಕ್ತಸಂಸ್ಥಾನವನ್ನು ಸೇರುವುದು, ಒಪ್ಪಂದ ಎಂಬ ಮೂರು ಮಾರ್ಗಗಳು. 1837ರಲ್ಲಿ ಶಸ್ತ್ರವನ್ನೊಪ್ಪದವನು ಒಪ್ಪಂದವನ್ನು ಹಿಡಿದುದರಲ್ಲಿ ಪೂರ್ವಾಪರವಿರೋಧವಿಲ್ಲ. ಅಂದಿನ ಪದ್ಧತಿಯಂತೆ ಮಂತ್ರಿಯಾದವನು ಮರಳಿ ತನ್ನ ಕ್ಷೇತ್ರದ ಮತವನ್ನು ಪಡೆಯಬೇಕಾಗಿದ್ದಿತು. ಅರವತ್ತನಾಲ್ಕರ ವಯಸ್ಸಿನಲ್ಲಿ, ರೋಗಪೀಡಿತನಾಗಿದ್ದರೂ, ಹ್ಯಾಂಟ್ಸ್ ಕ್ಷೇತ್ರದಲ್ಲಿ ಸ್ಪರ್ಧಿಸಿ ಈತನು ಗೆದ್ದನು. ತಾನು ಸ್ಥಾಪಿಸಿದ ಸೂತ್ರಕ್ಕೆ ತಾನೇ ತಲೆಬಾಗಿದನೆಂದು ಭಾವ.

ಆದರೂ ಪೂರ್ವಪಕ್ಷವು ಸಂಪೂರ್ಣವಾಗಿ ನಿರಸ್ತವಾಯಿತೆಂದು ಹೇಳಲಾರೆವು. ಪ್ರಾಂತದ ಜನರನ್ನು ಕೇಳಲಿಲ್ಲವೆಂದು ಟಪ್ಪರನನ್ನು ದೂಷಿಸಿದವನು, ಒಪ್ಪಂದದ ವಿಷಯದಲ್ಲಿ ತಾನೂ ಇಡೀ ಪ್ರಾಂತವನ್ನು ಕೇಳಲಿಲ್ಲ. ಆತನಿಗೆ ದೊರೆತುದು ಒಂದು ಕ್ಷೇತ್ರದ ತೀರ್ಪು ಮಾತ್ರ. ಆದಕಾರಣ ಸಿದ್ಧಾಂತವು ಇಷ್ಟು: ಉದ್ದೇಶದಲ್ಲಿ ವಚನಭಂಗವಿಲ್ಲ, ಕ್ರಮದಲ್ಲಿ ನ್ಯೂನತೆಯುಂಟು. ಈ ನ್ಯೂನತೆಯನ್ನು ಅಳೆಯುವುದಕ್ಕೆ ನಮಗೆ ಮಾನದಂಡವನ್ನು ಕೊಟ್ಟವನೂ ಆತನೇ ಎಂಬುದನ್ನು ಮರೆಯಲಾಗದು.

1873ರ ಮೇ ತಿಂಗಳಿನಲ್ಲಿ ಹೌ ಮಹಾಶಯನು ತನ್ನ ಪ್ರಾಂತಕ್ಕೆ ಲೆಫ್ಟಿನೆಂಟ್ ಗವರ್ನರನಾಗಿ ನಿಯುಕ್ತನಾದನು. ಯಾವ ಅಧಿಕಾರಪೀಠವನ್ನು ಜೀವಮಾನವೆಲ್ಲ ಪ್ರಶ್ನಿಸಿದ್ದನೋ ಅದರ ಮೇಲೆಯೇ ಕುಳಿತು, ಕೆಲವೇ ವಾರಗಳಲ್ಲಿ, ಜೂನ್ 1ರಂದು ದಿವಂಗತನಾದನು.