ಹಾನಗಲ್ಲಿನಿಂದ ಗದಗಿಗೆ: ಮುಂದಾಳುತನದ ಒಂದು ಪರಂಪರೆ

ಸಂಘಸಂಸ್ಥೆಗಳನ್ನು ಕಟ್ಟಿದ ಮಹನೀಯರ ಚರಿತ್ರೆಯನ್ನು ಬರೆಯಹೊರಟವರು ಅವರ ವಾಗ್ಮಿತೆಯನ್ನೂ, ಅವರು ಕೂಡಿಸಿದ ಸಭೆಗಳನ್ನೂ, ಎಬ್ಬಿಸಿದ ಕಟ್ಟಡಗಳನ್ನೂ ವರ್ಣಿಸುವದು ವಾಡಿಕೆಯಾಗಿದೆ. ಇವೆಲ್ಲ ವರ್ಣನೀಯವಾದವುಗಳೇ ಸರಿ. ಆದರೆ ಒಬ್ಬನು ನಿಜವಾಗಿ ಹತ್ತು ಜನರ ಮುಂದಾಳಾಗಿದ್ದನೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವು ಅವನ ಕಾಲದ ವರದಿಗಳಲ್ಲಿ ದೊರೆಯಲಾರದು. ಅವನು ಕಣ್ಮರೆಯಾದ ತರುವಾಯ ಅವನವರು ಏನು ಮಾಡಿದರೆಂಬುದನ್ನು ನೋಡಬೇಕು. ಈ ದೃಷ್ಟಿಯಿಂದ ನಮ್ಮ ನಾಡಿನಲ್ಲಿಯೇ ನಡೆದುಹೋದ ಮೂರು ತಲೆಗಳ ಒಂದು ಸಂಗತಿಯನ್ನು ಭಕ್ತಮಹಾಶಯರ ಮುಂದಿಡುವೆನು.

ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರ (1867-1930) ಹೆಸರನ್ನು ಅರಿಯದ ಶಿಷ್ಯವರ್ಗವು ವಿರಳ. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಮೊದಲು ನೆರೆದದ್ದು ಅವರ ಪ್ರಯತ್ನದಿಂದಲೇ. ಆದರೂ ಅಧ್ಯಕ್ಷ ಪೀಠದಲ್ಲಿ ಕುಳಿತವರು ಸಿರಸಂಗಿಯ ಲಿಂಗರಾಜ ದೇಸಾಯರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವು ಸ್ಥಾಪಿತವಾಗಿ, ಮುಂದೆ ಮಠಗಳ ಭಾರವನ್ನು ಹೊರತಕ್ಕ ವಟುಗಳಿಗೆ ಅಲ್ಲಿ ಶಿಕ್ಷಣದ ವ್ಯವಸ್ಥೆಯಾಯಿತು. ಈ ಎರಡು ದೊಡ್ಡ ಕಾರ್ಯಗಳನ್ನು ಕುರಿತು ಬೇಕಾದಷ್ಟು ಬರಹಗಳು ಬಂದಿರುವದರಿಂದ ಅವುಗಳನ್ನು ಇಷ್ಟಕ್ಕೇ ಬಿಡುವೆನು. ಅವರ ಸಣ್ಣ ಕಾರ್ಯವೆಂದು ಹಲವರು ಎಣಿಸುವ ಮೂರನೆಯದೊಂದುಂಟು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನಿಗೆ ಕಣ್ಣುಗಳಿರಲಿಲ್ಲ. ಒಡಹುಟ್ಟಿದವನ ಸ್ಥಿತಿಯೂ ಅದೇ ಆಗಿತ್ತು. ಆ ಕಾಲದ ಹಳ್ಳಿಗಳಲ್ಲಿ ಬಡವರ ಮನೆಯ ಅಂಧ ಮಗುವಿನ ಮುಂದೆ ಇದ್ದ ಹಾದಿಗಳೆಷ್ಟು? ಮನೆಯವರಿಗೆ ಭಾರವಾಗಿ ಮೂಲೆಯಲ್ಲಿ ಕೂಡ್ರುವದು, ಇಲ್ಲವೆ ಹಾಡುವ ಕಂಠವಿದ್ದರೆ ಬಾಗಿಲಿಂದ ಬಾಗಿಲಿಗೆ ಹಾಡಿ ಹಿಡಿ ಜೋಳ ಪಡೆಯುವದು. ಗದಿಗೆಯ್ಯನಿಗೆ ಕಂಠವಿತ್ತು. ಅದನ್ನು ಕೇಳಿದವರಲ್ಲಿ ಮರುಗಿದವರೂ ಮೆಚ್ಚಿದವರೂ ಅನೇಕರಿದ್ದಿರಬೇಕು. ಮರುಕವುಳ್ಳವನು ಒಂದು ಹೊತ್ತಿನ ಪ್ರಸಾದವನ್ನು ಕೊಟ್ಟು ಸಮಾಧಾನಪಡುವನು. ಮಹಾಸ್ವಾಮಿಗಳವರು ಆ ಕಂಠದಲ್ಲಿ ಮುಂದೆ ಇನ್ನೊಬ್ಬರಿಗೆ ಕಲಿಸಬಲ್ಲ ಗುರುವನ್ನು ಕಂಡರು. ಇದು ಬೇರೆಯೇ ಬಗೆಯ ನೋಟವು.

ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಸಂಗೀತ ಶಾಸ್ತ್ರವನ್ನು ಹೇಳಿಕೊಡುವದು ಸ್ವಾಮಿಗಳ ಕಸಬಾಗಿರಲಿಲ್ಲ. ತಾವು ಕಲಿಸಲಾರದ ವಿದ್ಯೆಯಲ್ಲಿ ಶಿಷ್ಯನು ತಮಗಿಂತ ಎಷ್ಟೋ ಮುಂದೆ ಹೋಗುವನೆಂಬುದನ್ನು ಅರಿತೇ ಅವರು ಆ ಹುಡುಗನನ್ನು ಪರರ ಕೈಗೆ ಒಪ್ಪಿಸಿದರು. ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯ ಪಾಠವಾಯಿತು; ಬಳಿಕ ಹಿಂದುಸ್ತಾನಿ ಪದ್ಧತಿಯನ್ನು ಮಿರಜಿನ ನೀಲಕಂಠಬುವಾ ಅವರಲ್ಲಿ ಕಲಿಸಲಾಯಿತು. ಒಬ್ಬ ಕಣ್ಣಿಲ್ಲದ ಶಿಷ್ಯನನ್ನು ನಾಡಿನ ಈ ತುದಿಯಿಂದ ಆ ತುದಿಗೆ ಕಳುಹಿಸಿ, ಜೊತೆಗೆ ಆಳನ್ನು ಗೊತ್ತುಮಾಡಿ, ಊಟ ವಸತಿಗಳನ್ನು ವರುಷಗಟ್ಟಲೆ ನೋಡಿಕೊಳ್ಳುವದೆಂದರೆ ಎಂಥ ಉಪದ್ವ್ಯಾಪದ ಕೆಲಸವೆಂಬುದನ್ನು ಸಂಸ್ಥೆಯ ಲೆಕ್ಕ ಬರೆದವರೇ ಬಲ್ಲರು. ಹುರಿದುಂಬಿಸುವ ಮಾತಿಗೆ ಖರ್ಚಿಲ್ಲ. ಈ ಏರ್ಪಾಡಿಗೆ ಇತ್ತು.

ಗದಿಗೆಯ್ಯನು ಪಂಚಾಕ್ಷರ ಗವಾಯಿಗಳಾಗಿ, ಉಭಯಗಾನವಿಶಾರದರೆಂದು ಪ್ರಖ್ಯಾತರಾಗಿ ಮರಳಿದರು. ಅರಸರ ಆಶ್ರಯವನ್ನರಸಿ ಹೋಗಿದ್ದರೆ ಸುಖಜೀವನವು ಅಸಾಧ್ಯವಾಗಿರಲಿಲ್ಲ. ಅವರು ಹಿಡಿದದ್ದು ಸಂಚಾರಿ ಪಾಠಶಾಲೆಯ ದಾರಿಯನ್ನು. ಗುರುವೂ ಶಿಷ್ಯರೂ ತಂಬೂರಿ, ತಬಲಾ, ಪೇಟಿಗಳೊಡನೆ ಊರಿಂದೂರಿಗೆ ನಡೆಯುವರು. ಭಕ್ತರು ಕೊಟ್ಟದ್ದನ್ನು ಎಲ್ಲರೂ ಹಂಚಿ ಉಣ್ಣುವರು. ಶಿಷ್ಯರಲ್ಲಿ ಅಂಧರೂ ಇದ್ದರು, ಕಣ್ಣುಳ್ಳವರೂ ಇದ್ದರು. ಅಂಧನಿಗೆ ಬರೆದುಕೊಟ್ಟ ಪಾಠವು ಉಪಯೋಗಕ್ಕೆ ಬಾರದು; ಬಾಯಿಂದ ಕಿವಿಗೆ ನೂರು ಸಲ ಹೇಳಬೇಕು, ಬೆರಳು ಹಿಡಿದು ವಾದ್ಯದ ಮೇಲೆ ಇಡಬೇಕು. ತಾವೇ ಹಾಗೆ ಕಲಿತವರಾದ್ದರಿಂದ ಗವಾಯಿಗಳಿಗೆ ಶಿಷ್ಯನು ಎಲ್ಲಿ ಎಡವುವನೆಂಬುದು ಮೊದಲೇ ಗೊತ್ತಿತ್ತು. ಶಾಲೆಯ ಹೊಟ್ಟೆ ತುಂಬಿಸಲು ನಾಟಕ ಮಂಡಳಿಯನ್ನೂ ನಡೆಯಿಸಬೇಕಾಯಿತು. ನಾಟಕವೆಂದೊಡನೆ ನಮ್ಮಲ್ಲಿ ಕೆಲವರು ಮೋರೆ ಸಿಂಡರಿಸುವರು. ಅಂಥವರು ಹಸಿದ ಹುಡುಗರಿಗೆ ಷಡ್ಜವನ್ನು ಹಿಡಿಯಹೇಳಿ ನೋಡಲಿ! ಕಾಲಾಂತರದಲ್ಲಿ ಈ ಪಾಠಶಾಲೆಯು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವೆಂದು ನೆಲೆನಿಂತಿತು.

ಶಿಷ್ಯರಲ್ಲಿ ಒಬ್ಬರು ಧಾರವಾಡ ಸೀಮೆಯ ಯಲಿವಾಳದ ಬಸವರಾಜ ರಾಜಗುರು (1917-1991). 1936ರಲ್ಲಿ ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರುಷದ ಉತ್ಸವವು ಹಂಪೆಯಲ್ಲಿ ಜರುಗಿತು. ಹತ್ತೊಂಬತ್ತರ ಆಸುಪಾಸಿನ ಈ ತರುಣನು ದೊಡ್ಡ ಸಭೆಯಲ್ಲಿ ಹಾಡಿದ್ದು ಅದೇ ಮೊದಲು. ಅಂದು ಅವರ ಪಕ್ಕದಲ್ಲಿ ತಬಲಾ ನುಡಿಸಲು ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳು. ಸಂಗೀತಗಾರರ ಲೋಕದಲ್ಲಿ ಮುಖ್ಯ ಗಾಯಕನ ಸ್ಥಾನವೆಲ್ಲಿ, ಪಕ್ಕವಾದ್ಯದವನ ಸ್ಥಾನವೆಲ್ಲಿ ಎಂಬುದನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾವು ಹಾಡಿ ಸಭೆಯನ್ನು ಗೆಲ್ಲಬಲ್ಲ ಗುರುಗಳು ಶಿಷ್ಯನಿಗೆ ಲಯವನ್ನು ಹಿಡಿದುಕೊಟ್ಟರು. ನೂರು ಬೋಧೆಗಳಿಂದ ಬಾರದ ಧೈರ್ಯವು ಪಕ್ಕದಲ್ಲಿಯ ಆ ಪರಿಚಿತ ಪೆಟ್ಟಿನಿಂದ ಬಂದಿರಬೇಕೆಂದು ನನಗೆ ತೋರುತ್ತದೆ. ಧಾರವಾಡದಲ್ಲಿ ಅಧ್ಯಕ್ಷ ಪೀಠವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರ ಶಿಷ್ಯರಿಗೆ ಇದು ಉಚಿತವೇ ಆಗಿತ್ತು.

ಇನ್ನೊಬ್ಬರು ದೇವಗಿರಿಯ ಪುಟ್ಟಯ್ಯನವರು. 1914ರಲ್ಲಿ ಜನಿಸಿ ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಇವರನ್ನು ಸೋದರಮಾವನು ತಂದು ಗವಾಯಿಗಳ ಮಡಿಲಿಗೆ ಹಾಕಿದನು. ಹಾಡುಗಾರಿಕೆಯಲ್ಲದೆ ತಬಲಾ, ಪೇಟಿ, ಸಾರಂಗಿ, ಪಿಟೀಲು ಎಲ್ಲವೂ ಇವರಿಗೆ ಕೈವಶವಾದವು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು.

1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗ ಪಂಚಾಕ್ಷರ ಗವಾಯಿಗಳಿಗೆ ಆಸರೆಯು ತಪ್ಪಿತೆಂದು ಜನರು ತಿಳಿದಿದ್ದರೆ ಆಶ್ಚರ್ಯವಿಲ್ಲ, ಪಾಠಶಾಲೆಯು ನಿಲ್ಲಲಿಲ್ಲ. 1944ರಲ್ಲಿ ಗವಾಯಿಗಳೂ ಅಗಲಿದರು. ಅನ್ನಕ್ಕಾಗಿ ದಾನವನ್ನೇ ನಂಬಿದ, ಅಂಧ ಮಕ್ಕಳಿಂದ ತುಂಬಿದ ಆಶ್ರಮದ ಹೊರೆಯು ಮೂವತ್ತು ವರುಷದ, ತಾವೂ ಅಂಧರಾದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಲೋಕದೃಷ್ಟಿಯಿಂದ ಅದು ಮುಳುಗತಕ್ಕ ಹಡಗು. ಅವರು ಅದನ್ನು ಅರುವತ್ತಾರು ವರುಷ ನಡೆಯಿಸಿದರು. 2010ರಲ್ಲಿ ಸರಕಾರವು ಪದ್ಮಭೂಷಣ ಬಿರುದನ್ನಿತ್ತಿತು. ಅದೇ ವರುಷದ ಸಪ್ಟಂಬರ ತಿಂಗಳಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಅವರು ಗದಗಿನಲ್ಲಿ ಲಿಂಗೈಕ್ಯರಾದರು. ಅಷ್ಟರಲ್ಲಿ ಆ ಆಶ್ರಮದಲ್ಲಿ ಕಲಿತು ಶಾಲೆಗಳಲ್ಲಿಯೂ ಮಠಗಳಲ್ಲಿಯೂ ಸಂಗೀತವನ್ನು ಹೇಳಿಕೊಟ್ಟು ತಮ್ಮ ಅನ್ನವನ್ನು ತಾವೇ ಗಳಿಸುವ ಗವಾಯಿಗಳು ಕರ್ನಾಟಕದ ಊರೂರುಗಳಲ್ಲಿ ನೆಲೆಸಿದ್ದರು. ಅವರಲ್ಲಿ ಬಹುಜನರು ಹಾನಗಲ್ಲ ಸ್ವಾಮಿಗಳವರ ದನಿಯನ್ನು ಕಿವಿಯಿಂದ ಕೇಳಿದವರಲ್ಲ.