ಡಂಗುರದಿಂದ ದೂರದರ್ಶನದವರೆಗೆ

ಬೆಂಗಳೂರಿನಿಂದ ಕನಕಪುರದ ಹಾದಿ ಹಿಡಿದು ಹೊರಟರೆ ಸಾರಕ್ಕಿಯ ಮಗ್ಗುಲಲ್ಲೇ ಜರಗನಹಳ್ಳಿ ಸಿಕ್ಕುತ್ತದೆ. ಹಳ್ಳಿಯೆಂಬುದು ಈಗ ಹೆಸರಿನಲ್ಲಿ ಮಾತ್ರ. 2017ರಿಂದ ಆ ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ರೈಲು ಓಡಾಡುತ್ತಿದೆ. ನಗರದ ದಕ್ಷಿಣದಲ್ಲಿದ್ದ ಎಷ್ಟೋ ಹಳ್ಳಿಗಳು ಬಡಾವಣೆಗಳ ನಡುವೆ ಹೆಸರು ಕಳೆದುಕೊಂಡುವು. ಜರಗನಹಳ್ಳಿಯ ಹೆಸರಾದರೋ ಆ ಊರನ್ನು ಕಾಣದವರ ಬಾಯಲ್ಲಿಯೂ ಇದೆ. ಹನಿಗವನದ ಕವಿ ಶಿವಶಂಕರರು ತಮ್ಮ ಹೆಸರಿನ ಹಿಂದೆ ಊರಿನ ಹೆಸರನ್ನು ಸೇರಿಸಿಕೊಂಡದ್ದೇ ಇದಕ್ಕೆ ಕಾರಣ. ಡಂಗುರ ಹೊಡೆಸಲಿಲ್ಲ, ಗೋಡೆಗೆ ಕಾಗದ ಅಂಟಿಸಲಿಲ್ಲ. ಕವಿಯ ಜೊತೆಯಲ್ಲಿ ಊರೂ ನಾಡನ್ನೆಲ್ಲ ಸುತ್ತಿ ಬಂದಿತು.

ಅಲ್ಲಿಂದ ಆಗ್ನೇಯಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಬೇಗೂರಿದೆ. ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿ ಕ್ರಿ. ಶ. 900ರ ಸುಮಾರಿನದೆಂದು ವಿದ್ವಾಂಸರು ಹೇಳುವ ಒಂದು ವೀರಗಲ್ಲಿನ ಶಾಸನ ಉಂಟು. ಬೆಂಗಳೂರು ಕಾಳಗದಲ್ಲಿ ಮಡಿದವರ ಕೀರ್ತಿಯನ್ನು ಸಾರುವುದು ಅದನ್ನು ನಿಲ್ಲಿಸಿದವರ ಉದ್ದೇಶ. ಇಂದು ನಾವು ಆ ಕಲ್ಲಿನ ಮುಂದೆ ನಿಲ್ಲುವುದು ಬೇರೊಂದು ಕಾರಣಕ್ಕೆ: ಬೆಂಗಳೂರು ಎಂಬ ಹೆಸರು ಅಷ್ಟು ಹಿಂದೆಯೇ ಇದ್ದಿತೆಂಬುದಕ್ಕೆ ಅದೇ ಸಾಕ್ಷಿ. ಹೊಗಳಿದವರು ಹೊಗಳಿ ಹೋದರು. ಹೊಗಳುವಾಗ ಬಾಯಿಗೆ ಬಂದ ಊರಿನ ಹೆಸರೊಂದು ಚರಿತ್ರೆಯಾಗಿ ಉಳಿಯಿತು.

ನಾಟಕ, ಸಿನಿಮಾ, ದೂರದರ್ಶನಗಳಿಗೂ ಅವುಗಳ ನಟನಟಿಯರಿಗೂ ಪ್ರಚಾರ ಕೊಡುವುದನ್ನೇ ಕಸುಬು ಮಾಡಿಕೊಂಡವರ ವಿಚಾರವನ್ನು ನಿಮ್ಮ ಮುಂದಿಡಬೇಕೆಂದು ಹೊರಟ ನಾನು ವೀರಗಲ್ಲಿನಿಂದ ಆರಂಭಿಸಿದ್ದು ಇದಕ್ಕಾಗಿಯೇ. ಆಟ ಮುಗಿದು ಹೋಗುತ್ತದೆ. ಆಟವನ್ನು ಸಾರಿದ ಕಾಗದ ಮಾತ್ರ ಎಷ್ಟೋ ವೇಳೆ ಉಳಿದುಬಿಡುತ್ತದೆ.

ನಾಟಕ ಕಂಪೆನಿಗಳ ಕಾಲವನ್ನು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಕಂಪೆನಿ ಒಂದೂರಿಗೆ ಬಂದು ತಗಡಿನ ಥಿಯೇಟರು ಎಬ್ಬಿಸಿತೆಂದರೆ ಮರುದಿನವೇ ಜಟಕಾ ಗಾಡಿಯೊಂದು ಬೀದಿಗೆ ಇಳಿಯುತ್ತಿತ್ತು. ಎರಡು ಪಕ್ಕಗಳಲ್ಲಿ ಬಣ್ಣದ ಬೋರ್ಡು, ಒಳಗೆ ತಮಟೆಯವನು, ಹಿಂದುಗಡೆ ಕಾಲು ಇಳಿಬಿಟ್ಟು ಕುಳಿತು ಹ್ಯಾಂಡ್‌ಬಿಲ್ಲು ಎಸೆಯುವ ಆಳು. ಗುಲಾಬಿ, ಹಳದಿ, ಹಸುರು ಬಣ್ಣದ ಆ ತೆಳು ಕಾಗದಕ್ಕಾಗಿ ಗಾಡಿಯ ಹಿಂದೆ ಓಡದ ಹುಡುಗರಿಲ್ಲ. ಕಂಡರಿಯದ ಸೀನರಿ, ಕೇಳರಿಯದ ಸಂಗೀತ ಎಂದು ಅದರಲ್ಲಿ ಇರಲೇಬೇಕು. ‘ಕಟ್ಟಕಡೆಯ ಆಟ’ವೆಂದು ಸಾರಿದ ಮಾರನೆಯ ವಾರವೇ ‘ಸಾರ್ವಜನಿಕರ ಒತ್ತಾಯದ ಮೇರೆಗೆ’ ಮತ್ತೊಂದು ಆಟ ಆಗುತ್ತಿದ್ದುದೂ ಉಂಟು. ಯಾರೂ ಅದಕ್ಕೆ ಕೋಪಗೊಳ್ಳುತ್ತಿರಲಿಲ್ಲ. ಮದುವೆಯ ಮಾತಿನಂತೆ ನಾಟಕದ ಮಾತಿಗೂ ಜನ ಸ್ವಲ್ಪ ವಟ್ಟ ಕಳೆದೇ ಲೆಕ್ಕ ಹಾಕುತ್ತಿದ್ದರು.

ಆದರೆ ವಟ್ಟಕ್ಕೂ ಒಂದು ಮಿತಿಯುಂಟು. ನೆಲದ ಟಿಕೆಟ್ಟಿಗೆ ಕೊಟ್ಟ ಕಾಸೂ ಬಡವನಿಗೆ ಒಂದು ದಿನದ ಉಪ್ಪು ಮೆಣಸು. ಕಾಗದದಲ್ಲಿ ಹೇಳಿದ್ದು ರಂಗದ ಮೇಲೆ ಕಾಣದಿದ್ದರೆ ಎರಡನೆಯ ಆಟಕ್ಕೆ ಅವನು ಬರುವುದಿಲ್ಲ. ತಾನು ಬಾರದಿರುವುದಷ್ಟೇ ಅಲ್ಲ, ಸಂತೆಯಲ್ಲಿ ನಾಲ್ಕು ಜನಕ್ಕೆ ಹೇಳುತ್ತಾನೆ. ಈ ಗುಟ್ಟು ಗುಬ್ಬಿ ವೀರಣ್ಣನವರಿಗೆ ಚೆನ್ನಾಗಿ ತಿಳಿದಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯನ್ನು ನಾಡಿನ ಮನೆಮಾತನ್ನಾಗಿ ಮಾಡಿದವರು ಅವರು. 1934ರಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ಆಡಿಸಿದಾಗ ನಿಜವಾದ ಆನೆ ಕುದುರೆಗಳನ್ನೇ ಪ್ರೇಕ್ಷಕರ ಕಣ್ಣಮುಂದೆ ತಂದರು. ಆನೆಯೇ ಬರುವುದೆಂದ ಮೇಲೆ ಬೇರೆ ತಮಟೆ ಏಕೆ? ಸಾರಿದ ಮಾತಿಗೂ ತೋರಿದ ಆಟಕ್ಕೂ ಅಂತರವಿಲ್ಲದಿದ್ದರೆ ನೋಡಿ ಬಂದವನೇ ಮುಂದಿನ ಆಟದ ಪ್ರಚಾರಕನಾಗುತ್ತಾನೆ. ಈ ಕಸುಬಿನ ಮೊದಲನೆಯ ಪಾಠವೇ ಇದು.

ಅದೇ 1934ರ ಮಾರ್ಚಿ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ತೆರೆ ಕಂಡಿತು. ತೆರೆಯ ಮೇಲಿನ ಬೊಂಬೆ ಕನ್ನಡದಲ್ಲಿ ಮಾತಾಡಿದ್ದು ಅಂದೇ ಮೊದಲು. ಇಲ್ಲಿ ಸ್ಟುಡಿಯೋ ಇರಲಿಲ್ಲವಾಗಿ ಕೊಲ್ಹಾಪುರದಲ್ಲಿ ತಯಾರಾದ ಚಿತ್ರ ಅದು. ವೈ. ವಿ. ರಾಯರ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು ಮತ್ತು ಹಾಡು. ಸುಬ್ಬಯ್ಯ ನಾಯುಡು, ತ್ರಿಪುರಾಂಬ, ನಾಗೇಂದ್ರರಾಯರು ಮುಖ್ಯ ಪಾತ್ರಗಳಲ್ಲಿ. ಜನ ಮುಗಿಬಿದ್ದು ನೋಡಿದರು. ಇಂದು ನೀವಾಗಲಿ ನಾನಾಗಲಿ ಅದನ್ನು ನೋಡಬೇಕೆಂದರೆ ಸಾಧ್ಯವಿಲ್ಲ. ಒಂದು ಪ್ರತಿಯೂ ಉಳಿದಿಲ್ಲ. ಹಿಂದಿಯ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ಗತಿಯೂ ಅದೇ. ನಮ್ಮ ದೇಶದಲ್ಲಿ ಹಳೆಯ ಚಿತ್ರಗಳನ್ನು ಕಾಪಾಡುವ ರಾಷ್ಟ್ರೀಯ ಭಂಡಾರ ಪುಣೆಯಲ್ಲಿ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಮೂಕಿ ಚಿತ್ರಗಳಲ್ಲಿ ಬಹುಪಾಲು ನಾಶವಾಗಿದ್ದುವು. ಹೀಗೆ ಕಣ್ಮರೆಯಾದ ಚಿತ್ರಗಳನ್ನು ಕುರಿತು ನಾವು ತಿಳಿದಿರುವುದು ಹೇಗೆ? ಪತ್ರಿಕೆಯ ಜಾಹೀರಾತು, ಹಂಚಿದ ಸ್ಥಿರಚಿತ್ರ, ಹಾಡಿನ ಪುಸ್ತಕ, ನೋಡಿದವರ ನೆನಪು, ಇಷ್ಟರಿಂದ. ಊಟ ಹೋಯಿತು, ಊಟಕ್ಕೆ ಕರೆದ ಓಲೆ ಉಳಿಯಿತು.

ಹಾಗಿದ್ದಲ್ಲಿ ಆ ಓಲೆಯಲ್ಲಿ ಸುಳ್ಳಿದ್ದರೆ ಏನು ಗತಿ? ಅಮೆರಿಕದ ಒಂದು ಪ್ರಸಂಗವನ್ನು ನೋಡಿ. 1910ರ ಸುಮಾರಿನಲ್ಲಿ ಅಲ್ಲಿಯ ಚಿತ್ರ ಕಂಪೆನಿಗಳು ನಟನಟಿಯರ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ಹೆಸರಾದರೆ ಸಂಬಳ ಹೆಚ್ಚು ಕೇಳುತ್ತಾರೆಂಬ ಭಯ. ಫ್ಲಾರೆನ್ಸ್ ಲಾರೆನ್ಸ್ ಎಂಬ ನಟಿಯನ್ನು ಕಾರ್ಲ್ ಲೆಮ್ಲೆ ಎಂಬ ನಿರ್ಮಾಪಕರು ತಮ್ಮ ಕಂಪೆನಿಗೆ ಸೇರಿಸಿಕೊಂಡರು. ಆಕೆ ಅಪಘಾತದಲ್ಲಿ ಸತ್ತಳೆಂಬ ಸುದ್ದಿ ಹಬ್ಬಿದೆ, ಅದು ಶುದ್ಧ ಸುಳ್ಳು ಎಂದು 1910ರ ಮಾರ್ಚಿಯಲ್ಲಿ ಅವರ ಕಂಪೆನಿ ದೊಡ್ಡ ಜಾಹೀರಾತು ಹಾಕಿತು. ಜನ ಬೆರಗಾದರು, ನಟಿ ಸೇಂಟ್ ಲೂಯಿಸ್ ನಗರಕ್ಕೆ ಬಂದಾಗ ನೋಡಲು ನೆರೆದರು. ಸತ್ತ ಸುದ್ದಿಯನ್ನು ಹಬ್ಬಿಸಿದವರು ಕಂಪೆನಿಯವರೇ ಎಂದು ಬಹಳ ಮಂದಿ ಬರೆದಿದ್ದಾರೆ. ಅಂತಹ ಸುದ್ದಿ ಮೊದಲು ಹಬ್ಬಿತ್ತೇ ಎಂದು ಕೇಳುವವರೂ ಇದ್ದಾರೆ. ಒಂದು ವಾರದ ಲಾಭಕ್ಕೆ ಹೂಡಿದ ಉಪಾಯ ನೂರು ವರ್ಷ ಇತಿಹಾಸಕಾರರ ತಲೆ ತಿಂದಿತು. ಸುಳ್ಳು ಪ್ರಚಾರದಿಂದ ಮೋಸಹೋಗುವವನು ಟಿಕೆಟ್ಟು ಕೊಂಡವನೊಬ್ಬನೇ ಅಲ್ಲ; ಅವನ ಮೊಮ್ಮಕ್ಕಳೂ ಮೋಸಹೋಗುತ್ತಾರೆ.

ಮತ್ತೆ ನಮ್ಮ ನಾಡಿಗೆ ಬರೋಣ. ಗುಬ್ಬಿ ಕಂಪೆನಿಯಲ್ಲಿ ಪಳಗಿದ ಮುತ್ತುರಾಜ್ ಎಂಬ ತರುಣರು 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರರೆಂಬ ಹೊಸ ಹೆಸರಿನಿಂದ ಬಂದರು. ಹೆಸರಿಟ್ಟವರು ನಿರ್ದೇಶಕ ಎಚ್. ಎಲ್. ಎನ್. ಸಿಂಹ. ಹೆಸರು ಆರಿಸುವುದೂ ಪ್ರಚಾರದ ಒಂದು ಅಂಗವೇ. ಆದರೆ ಆ ಹೆಸರನ್ನು ಐವತ್ತು ವರ್ಷ ನಿಲ್ಲಿಸಿದ್ದು ಹಿಂದಿನ ಹಲವು ವರ್ಷಗಳ ರಂಗದ ದುಡಿಮೆ ಮತ್ತು ಮುಂದಿನ ಸಾಧನೆ. ಅದೇ ಕಾಲದ ಹಾಸ್ಯನಟ ಟಿ. ಎನ್. ಬಾಲಕೃಷ್ಣರು ನಟರಾಗಿ ಹೆಸರು ಮಾಡುವುದಕ್ಕೆ ಮೊದಲು ಬೋರ್ಡು ಬರೆಯುವ, ಪೋಸ್ಟರು ಬರೆಯುವ ಕೆಲಸ ಮಾಡಿದವರು. ಬೇರೆಯವರ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದ ಕೈಗೆ ತನ್ನ ಹೆಸರನ್ನೂ ಅಲ್ಲಿ ಕಾಣುವ ಭಾಗ್ಯ ಬಂದಿತು. ಎಲ್ಲರಿಗೂ ಹಾಗೆ ಬರಲಿಲ್ಲ.

ಕನ್ನಡ ಚಿತ್ರಗಳ ಪ್ರಚಾರ ಒಂದು ಸ್ವತಂತ್ರ ಉದ್ಯೋಗವೆಂದು ನಿಂತದ್ದು ಡಿ. ವಿ. ಸುಧೀಂದ್ರರಿಂದ. 1976ರಲ್ಲಿ ಅವರು ಶ್ರೀ ರಾಘವೇಂದ್ರ ಚಿತ್ರವಾಣಿ ಎಂಬ ಸಂಸ್ಥೆಯನ್ನು ಆರಂಭಿಸಿದರು. ಕನ್ನಡ ಚಿತ್ರರಂಗದ ಮೊದಲ ಪತ್ರಿಕಾ ಪ್ರಚಾರಕರ್ತರೆಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಅವರ ತರುವಾಯವೂ ಸಂಸ್ಥೆ ನಡೆದುಬಂದಿದ್ದು ಚಿತ್ರರಂಗದ ಹಿರಿಯರಿಗೆ ಪ್ರಶಸ್ತಿಗಳನ್ನು ಕೊಡುತ್ತಿದೆ.

ಈ ಉದ್ಯೋಗದಲ್ಲಿ ಮಾಡುವ ಕೆಲಸವೇನು ಎಂದು ನೀವು ಕೇಳಬಹುದು. ಮುಹೂರ್ತದ ದಿನ ಪತ್ರಕರ್ತರನ್ನು ಕರೆಯುವುದು. ಯಾರು ನಿರ್ಮಾಪಕರು, ಯಾರ ಸಂಗೀತ, ಎಲ್ಲಿ ಚಿತ್ರೀಕರಣ ಎಂಬುದನ್ನು ಒಂದು ಪುಟದಲ್ಲಿ ತಪ್ಪಿಲ್ಲದೆ ಬರೆಯುವುದು. ಸ್ಥಿರಚಿತ್ರಗಳನ್ನು ಲಕೋಟೆಯಲ್ಲಿಟ್ಟು ಪತ್ರಿಕಾಲಯಗಳ ಮೆಟ್ಟಿಲು ಹತ್ತಿ ಇಳಿಯುವುದು. ಹಾಡುಗಳ ಬಿಡುಗಡೆ, ಪತ್ರಕರ್ತರಿಗೆ ಪ್ರದರ್ಶನ, ನೂರನೆಯ ದಿನದ ಸಮಾರಂಭ. ಚಿತ್ರ ಗೆದ್ದರೆ ಕೀರ್ತಿ ನಟನಿಗೆ, ಸೋತರೆ ದೂರು ಪ್ರಚಾರಕ್ಕೆ. ನಿರ್ಮಾಪಕ ಹೇಳುವುದೆಲ್ಲವನ್ನೂ ಬರೆದರೆ ಪತ್ರಕರ್ತ ನಂಬುವುದಿಲ್ಲ. ಬರೆಯದಿದ್ದರೆ ನಿರ್ಮಾಪಕ ಮತ್ತೆ ಕರೆಯುವುದಿಲ್ಲ. ಈ ಇಕ್ಕಟ್ಟಿನಲ್ಲಿ ವರ್ಷಾನುಗಟ್ಟಲೆ ಬಾಳುವವನಿಗೆ ಬಂಡವಾಳವೆಂದರೆ ತನ್ನ ಮಾತಿನ ಬೆಲೆಯೊಂದೇ. ಪತ್ರಿಕೆಯವರು ಲಕೋಟೆಯನ್ನು ಒಡೆಯುವುದು ಅದರ ಮೇಲಿನ ಹೆಸರನ್ನು ನೋಡಿ.

ನಿಮ್ಮ ಮನೆಯ ರೇಡಿಯೋವಿಗೂ ಈ ಕಥೆಯಲ್ಲಿ ಪಾಲಿದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅದು ವಿದ್ಯೆ ವಿನೋದಗಳ ವಾಣಿಯಾಗಿತ್ತು. 1952ರ ಸುಮಾರಿನಿಂದ ಸಿನಿಮಾ ಹಾಡುಗಳಿಗೆ ಸರ್ಕಾರದ ರೇಡಿಯೋದಲ್ಲಿ ಜಾಗ ಕಡಿಮೆಯಾದಾಗ ನಮ್ಮವರು ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. ಅಲ್ಲಿ ಹಾಡೇ ಚಿತ್ರಕ್ಕೆ ಜಾಹೀರಾತಾಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂದಿತು. 1967ರ ನವೆಂಬರ್ 1ರಿಂದ ಅದರಲ್ಲಿ ವಾಣಿಜ್ಯ ಪ್ರಸಾರ ಮೊದಲು ಮುಂಬಯಿ, ಪುಣೆ, ನಾಗಪುರಗಳಲ್ಲಿಯೂ ಕಾಲಕ್ರಮದಲ್ಲಿ ಬೇರೆ ಊರುಗಳಲ್ಲಿಯೂ ಆರಂಭವಾಯಿತು. ಆಮೇಲೆ ಬಿಡುಗಡೆಯಾಗಲಿರುವ ಚಿತ್ರದ ಎರಡು ಹಾಡು, ನಾಲ್ಕು ಮಾತು, ಕಥೆಯ ಒಂದು ತಿರುವು ಮನೆಯೊಳಕ್ಕೇ ಬಂದುವು. ಜಟಕಾ ಗಾಡಿಗೆ ಬೀದಿಯಲ್ಲಿ ಕೆಲಸ ತಪ್ಪಿತು.

1981ರ ನವೆಂಬರ್ 1ರಂದು ಬೆಂಗಳೂರಿಗೆ ದೂರದರ್ಶನ ಬಂದಿತು. 1994ರಲ್ಲಿ ಉದಯ ಟಿ. ವಿ.ಯಿಂದ ಖಾಸಗಿ ಕನ್ನಡ ವಾಹಿನಿಗಳೂ ಬಂದುವು. ಸಿನಿಮಾಕ್ಕೆ ಬಿಡುಗಡೆಯ ದಿನ ಒಂದೇ. ದಿನನಿತ್ಯದ ಧಾರಾವಾಹಿಗೆ ಪ್ರತಿ ಸಂಜೆಯೂ ಬಿಡುಗಡೆಯ ದಿನ. ಆದ್ದರಿಂದ ಪ್ರಚಾರಕನಿಗೆ ಬಿಡುವಿಲ್ಲದಾಯಿತು. ವಾರ ವಾರ ನೋಡುಗರ ಲೆಕ್ಕ ಬರುತ್ತದೆ. ಲೆಕ್ಕ ಇಳಿದರೆ ಕಥೆಯೇ ಬದಲಾಗುತ್ತದೆ. ನಟನಟಿಯರು ತೆರೆಯ ಮೇಲೆ ಏನು ಮಾಡಿದರೆಂಬುದಕ್ಕಿಂತ ಮನೆಯಲ್ಲಿ ಏನು ತಿಂದರೆಂಬುದು ದೊಡ್ಡ ಸುದ್ದಿಯಾಗುವುದೂ ಇದೆ.

ಇಂದಿನ ಪ್ರಚಾರವಂತೂ ಕಾಗದವನ್ನೇ ಬಿಟ್ಟು ಹೊರಟಿದೆ. 2018ರಲ್ಲಿ ಉಚ್ಚ ನ್ಯಾಯಾಲಯ ಕಟ್ಟುನಿಟ್ಟು ಮಾಡಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸುಗಳನ್ನು ರಾಶಿ ರಾಶಿಯಾಗಿ ಇಳಿಸಿದರು. ಕಣ್ಣಿಗೆ ಹಿತವೇ ಆಯಿತು. ಈಗ ಸುದ್ದಿ ಬರುವುದು ಅಂಗೈಯಲ್ಲಿನ ದೂರವಾಣಿಗೆ. ಬೆಳಗ್ಗೆ ಬಂದದ್ದು ಸಂಜೆಗೆ ಅಳಿಸಿಹೋಗುತ್ತದೆ. ಜಟಕಾದಿಂದ ಎಸೆದ ಗುಲಾಬಿ ಕಾಗದವಾದರೂ ಯಾರದೋ ಪುಸ್ತಕದ ನಡುವೆ ಎಂಬತ್ತು ವರ್ಷ ಕುಳಿತಿತ್ತು. ಇದು ಎಲ್ಲಿ ಕುಳಿತೀತು?

ಈ ಕಾರಣದಿಂದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ, ಅಜ್ಜನ ಪಂಚಾಂಗದ ನಡುವೆ, ಬೀರುವಿನ ತಳಕ್ಕೆ ಹಾಸಿದ ಕಾಗದಗಳಲ್ಲಿ ಹಳೆಯ ನಾಟಕದ ಹ್ಯಾಂಡ್‌ಬಿಲ್ಲೋ ಸಿನಿಮಾದ ಹಾಡಿನ ಪುಸ್ತಕವೋ ಸಿಕ್ಕೀತು. ಹೊಗಳಿಕೆಯ ಸಾಲುಗಳನ್ನು ನೋಡಿ ನಕ್ಕು ಎಸೆದುಬಿಡಬೇಡಿ. ಊರಿನ ಹೆಸರು, ಆಟದ ವಾರ, ಟಿಕೆಟ್ಟಿನ ದರ, ಇನ್ನೆಲ್ಲಿಯೂ ಹೆಸರು ಉಳಿಯದ ಸಣ್ಣ ಪಾತ್ರಧಾರಿಗಳು, ತಳದಲ್ಲಿ ಮುದ್ರಣಾಲಯದ ವಿಳಾಸ, ಎಲ್ಲವೂ ಅಲ್ಲಿರುತ್ತವೆ. ಅನೇಕ ಸಲ ಒಂದೇ ಒಂದು ಇರುವುದಿಲ್ಲ: ಇಸವಿ. ಆ ವಾರಕ್ಕಷ್ಟೇ ಬೇಕಾದ ಕಾಗದಕ್ಕೆ ಇಸವಿ ಏಕೆಂದು ಬಿಟ್ಟಿರುತ್ತಾರೆ. ಮನೆಯ ಹಿರಿಯರನ್ನು ಕೇಳಿ. ಅವರು ಆ ಆಟವನ್ನು ನೋಡಿದ್ದು ಮದುವೆಗೆ ಮುಂಚೆಯೋ ಅನಂತರವೋ, ಯುದ್ಧದ ಕಾಲದಲ್ಲೋ ಸ್ವಾತಂತ್ರ್ಯ ಬಂದ ಮೇಲೋ ಎಂದು ಅವರು ನೆನೆಸಿಕೊಳ್ಳುತ್ತಾರೆ. ತಿಳಿದಷ್ಟನ್ನು ಕಾಗದದ ಹಿಂದೆ ಸೀಸದ ಕಡ್ಡಿಯಿಂದ ಬರೆದಿಡಿ. ಕೇಳುವವರು ಇರುವಾಗಲೇ ಹೇಳುವವರೂ ಇರುತ್ತಾರೆಂಬ ನೆಚ್ಚಿಕೆ ಇಲ್ಲ; ಆದ್ದರಿಂದ ಈ ಭಾನುವಾರವೇ ಕೇಳಿದರೆ ಒಳ್ಳೆಯದು.